ಐವತ್ತೇಳರಲ್ಲೂ ವರ್ಲ್ಡ್ ಚಾಂಪಿಯನ್: ಕರ್ಲಿಂಗ್ ಆಟಗಾರ್ತಿ ಕೊಲೀನ್ ಜೋನ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾಲ್ಕು ವರ್ಷಕ್ಕೊಂದ್ಸಲ ಚಳಿಗಾಲದ ಒಲಿಂಪಿಕ್ಸ್ ಬಂದಾಗೆಲ್ಲಾ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಒಂದೇ ಗಲಾಟೆ, "ಇದೇನೋ ಇದು, ಐಸ್ ಮೇಲೆ ಕಸ ಗುಡಿಸ್ತಾ ಇದಾರೆ, ಇದಕ್ಕೂ ಗೋಲ್ಡ್ ಮೆಡಲ್ ಕೊಡ್ತಾರಾ" ಅಂತ. ನಾನು ಕೆನಡಾಕ್ಕೆ ಬಂದ ಹೊಸದ್ರಲ್ಲಿ ಹಾಗೇ ನಕ್ಕೋನೇ, ಅದಕ್ಕೆ ಬಯ್ಯಕ್ಕೆ ಹೋಗಲ್ಲ. ಆಮೇಲೆ ಟಿವಿಲಿ ಹಳೇ ಮ್ಯಾಚುಗಳನ್ನ ನೋಡ್ತಾ ನೋಡ್ತಾ ಕೊಲೀನ್ ಜೋನ್ಸ್ ಅನ್ನೋರ ಬಗ್ಗೆ ಹುಚ್ಚು ಹಿಡೀತು. ಮನೇಲಿ, ಫ್ರೆಂಡ್ಸ್ ಹತ್ರ ಅವರ ಕಥೆ ಹೇಳಿದಾಗೆಲ್ಲ ಜನ ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ, ಅದನ್ನೆಲ್ಲಾ ಇಲ್ಲಿ ಒಂದ್ಕಡೆ ಹಾಕಿದೀನಿ.

ಯಾರ್ರೀ ಇವ್ರು? ಒಂದೇ ಮಾತಲ್ಲಿ ಹೇಳಿ.

ಕೆನಡಾದ ಪೂರ್ವ ತುದೀಲಿ ನೋವಾ ಸ್ಕೋಷಿಯಾ ಅಂತ ಒಂದು ಪ್ರಾಂತ್ಯ ಇದೆ, ಅದರ ರಾಜಧಾನಿ ಹ್ಯಾಲಿಫ್ಯಾಕ್ಸ್, ಅಲ್ಲಿ 1959ರ ಡಿಸೆಂಬರಲ್ಲಿ ಹುಟ್ಟಿದೋರು. ಆರು ಸಲ ಕೆನಡಾದ ನ್ಯಾಷನಲ್ ಚಾಂಪಿಯನ್, ಎರಡು ಸಲ ವರ್ಲ್ಡ್ ಚಾಂಪಿಯನ್, ಆಮೇಲೆ ಐವತ್ತು ದಾಟಿದೋರ ವಿಭಾಗದಲ್ಲಿ ಮತ್ತೆ ಕೆನಡಾ ಚಾಂಪಿಯನ್, ಮತ್ತೆ ವರ್ಲ್ಡ್ ಚಾಂಪಿಯನ್. ಇಷ್ಟೆಲ್ಲಾ ಮಾಡಿದ್ದು ಟಿವಿ ನ್ಯೂಸ್ ಚಾನೆಲಲ್ಲಿ ಫುಲ್ ಟೈಮ್ ಕೆಲಸ ಮಾಡ್ಕೊಂಡು. ಒಂದೇ ಮಾತಲ್ಲಿ ಹೇಳಿ ಅಂದ್ರಿ, ಆಗಲ್ಲ ನೋಡಿ.

ಮೊದ್ಲು ಆಟ ಏನು ಅಂತ ಹೇಳ್ಬಿಡಿ, ನಮಗೆ ಅದೇ ಗೊತ್ತಿಲ್ಲ.

ಗೋಲಿ ಆಡಿದ್ದೀರಾ? ಕ್ಯಾರಂ? ಅವೆರಡನ್ನ ಸೇರಿಸಿ ಹಿಮದ ಮೇಲೆ ದೊಡ್ಡದಾಗಿ ಆಡಿದ್ರೆ ಹೆಂಗಿರತ್ತೋ ಹಂಗೆ. ಸುಮಾರು 45 ಮೀಟರ್ ಉದ್ದದ ಐಸ್ ಪಟ್ಟಿ, ಆ ಕಡೆ ತುದೀಲಿ 12 ಅಡಿ ಅಗಲದ ಬಣ್ಣಬಣ್ಣದ ವೃತ್ತಗಳು, ಅದಕ್ಕೆ ಹೌಸ್ ಅಂತಾರೆ. ಒಂದೊಂದು ತಂಡದಲ್ಲಿ ನಾಲ್ಕು ಜನ, ಒಬ್ಬೊಬ್ರಿಗೆ ಎರಡೆರಡು ಕಲ್ಲು, ಅಂದ್ರೆ ತಂಡಕ್ಕೆ ಎಂಟು. ಎರಡೂ ತಂಡದೋರು ಒಬ್ಬರಾದ್ಮೇಲೆ ಒಬ್ಬರು ಕಲ್ಲು ಜಾರಿಸ್ತಾರೆ. ಹದಿನಾರೂ ಕಲ್ಲು ಮುಗಿದ್ಮೇಲೆ, ಹೌಸ್ ಒಳಗಿರೋ ಕಲ್ಲುಗಳಲ್ಲಿ ನಡುಬಿಂದುವಿಗೆ ಯಾರದ್ದು ಎಲ್ಲಕ್ಕಿಂತ ಹತ್ರ ಇದೆಯೋ ಆ ತಂಡಕ್ಕೆ ಮಾತ್ರ ಪಾಯಿಂಟು. ಎದುರಾಳಿಯ ಅತಿ ಹತ್ರದ ಕಲ್ಲಿಗಿಂತ ಒಳಗೆ ಅವರ ಕಲ್ಲು ಎಷ್ಟಿದೆಯೋ ಅಷ್ಟು ಪಾಯಿಂಟ್, ಎದುರಾಳಿಗೆ ಸೊನ್ನೆ. ಇದಕ್ಕೆ ಒಂದು ಎಂಡ್ ಅಂತಾರೆ. ನ್ಯಾಷನಲ್ ಲೆವೆಲಲ್ಲಿ ಹತ್ತು ಎಂಡ್, ಸೀನಿಯರ್ಸಲ್ಲಿ ಎಂಟು.

ಕೊನೇ ಕಲ್ಲು ಯಾರ ಕೈಲಿ ಇದೆ ಅನ್ನೋದೇ ಇಡೀ ಆಟದ ಜೀವ. ಅದಕ್ಕೆ ಹ್ಯಾಮರ್ ಅಂತಾರೆ. ಒಂದು ಎಂಡಲ್ಲಿ ಪಾಯಿಂಟ್ ಮಾಡಿದ್ರೆ ಮುಂದಿನ ಎಂಡಲ್ಲಿ ಹ್ಯಾಮರ್ ಎದುರಾಳಿಗೆ ಹೋಗತ್ತೆ. ಹಾಗಾಗಿ ಬರೀ ಒಂದು ಪಾಯಿಂಟ್ ತಗೊಂಡು ಹ್ಯಾಮರ್ ಬಿಟ್ಟುಕೊಡೋ ಬದಲು, ಬೇಕಂತಾನೇ ಯಾರಿಗೂ ಏನೂ ಸಿಗದ ಹಾಗೆ ಖಾಲಿ ಬಿಟ್ಟು ಹ್ಯಾಮರನ್ನ ಕೈಲೇ ಉಳಿಸ್ಕೊಳ್ಳೋದೂ ಉಂಟು. ಇದು ಅರ್ಥ ಆದ ದಿನ ನನಗೆ ಆಟ ಹಿಡಿಸ್ತು.

ಆ ಕಲ್ಲು ಎಷ್ಟು ಭಾರ? ಗುಡಿಸೋದ್ಯಾಕೆ?

17ರಿಂದ 20 ಕೆಜಿ ಒಳಗೆ. ಅಕ್ಕಿ ಮೂಟೆ ಲೆಕ್ಕ ಹಾಕ್ಬೇಡಿ, ಯಾರೂ ಎತ್ತಲ್ಲ, ಹಿಡಿ ಹಿಡ್ಕೊಂಡು ಜಾರಿಸೋದಷ್ಟೆ. ಗ್ರಾನೈಟ್ ಕಲ್ಲು, ಅದೂ ಎಲ್ಲಿ ಸಿಕ್ಕಿದ್ದೂ ಆಗಲ್ಲ. ಒಲಿಂಪಿಕ್ಸಲ್ಲಿ ಬಳಸೋ ಕಲ್ಲು ಸ್ಕಾಟ್‌ಲ್ಯಾಂಡ್ ಹತ್ರ ಸಮುದ್ರದಲ್ಲಿರೋ ಏಲ್ಸಾ ಕ್ರೇಗ್ ಅನ್ನೋ ಪುಟ್ಟ ದ್ವೀಪದ್ದು.

ಐಸ್ ಕೂಡ ಕನ್ನಡಿ ಥರ ನುಣ್ಣಗಿರಲ್ಲ. ಆಟಕ್ಕೆ ಮುಂಚೆ ಅದರ ಮೇಲೆ ನೀರಿನ ಸಣ್ಣ ಹನಿಗಳನ್ನ ಚಿಮುಕಿಸ್ತಾರೆ, ಅದು ಹೆಪ್ಪುಗಟ್ಟಿ ಸಣ್ಣ ಸಣ್ಣ ಗುಳ್ಳೆ ಥರ ಆಗತ್ತೆ, ಕಲ್ಲು ಅದರ ಮೇಲೆ ಓಡತ್ತೆ. ಬಿಡುವಾಗ ಸ್ವಲ್ಪ ತಿರುಗಿಸಿ ಬಿಟ್ರೆ ಹೋಗ್ತಾ ಹೋಗ್ತಾ ಒಂದ್ಕಡೆ ಬಾಗತ್ತೆ, ಯಾಕೆ ಹಾಗೆ ಬಾಗತ್ತೆ ಅಂತ ಫಿಸಿಕ್ಸ್ ಮೇಷ್ಟ್ರುಗಳು ಇನ್ನೂ ಜಗಳ ಆಡ್ತಾ ಇದಾರೆ. ಮುಂದೆ ಬ್ರಷ್ ಉಜ್ಜಿದ್ರೆ ಐಸಿನ ಮೇಲ್ಮೈ ಚೂರು ಬಿಸಿಯಾಗಿ ಘರ್ಷಣೆ ಕಮ್ಮಿ ಆಗತ್ತೆ, ಕಲ್ಲು ಇನ್ನಷ್ಟು ದೂರ ಹೋಗತ್ತೆ, ಬಾಗೋದೂ ಕಮ್ಮಿ ಆಗತ್ತೆ. ಅಂದ್ರೆ ಕೈ ಬಿಟ್ಟ ಮೇಲೂ ಕಲ್ಲನ್ನ ಸ್ವಲ್ಪ ಮಟ್ಟಿಗೆ ನಡೆಸಬಹುದು. ಕಸ ಗುಡಿಸೋದಲ್ಲಪ್ಪಾ.

ಕೊಲೀನ್ ಈ ಆಟಕ್ಕೆ ಬಂದಿದ್ದು ಹೇಗೆ?

ಹದಿನಾಲ್ಕನೇ ವಯಸ್ಸಿಗೆ, ಹ್ಯಾಲಿಫ್ಯಾಕ್ಸಿನ ಮೇಫ್ಲವರ್ ಕರ್ಲಿಂಗ್ ಕ್ಲಬ್ಬಲ್ಲಿ. ಮನೆ ತುಂಬಾ ಅಕ್ಕತಂಗಿಯರು, ಅವರಲ್ಲೂ ಕೆಲವರಿಗೆ ಇದೇ ಆಟದ ಗೀಳು.

ಈ ಕ್ಲಬ್ ಬಗ್ಗೆ ಒಂದು ವಿಷಯ ಹೇಳ್ಲೇಬೇಕು, ಆಟಕ್ಕೆ ಸಂಬಂಧ ಇಲ್ಲ ಅಂದ್ರೂ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಸಮುದ್ರದಿಂದ ಹೆಣಗಳನ್ನ ಎತ್ಕೊಂಡು ಬರೋಕೆ ಹ್ಯಾಲಿಫ್ಯಾಕ್ಸಿಂದ ಹಡಗು ಹೋದವು. ಊರಿಗೆ ತಂದಿದ್ದು 209 ಹೆಣ. ಅಷ್ಟನ್ನ ಎಲ್ಲಿಡೋದು? ತಣ್ಣಗಿರೋ ದೊಡ್ಡ ಜಾಗ ಬೇಕಲ್ಲ, ಮೇಫ್ಲವರ್ ಕ್ಲಬ್ಬಿನ ಆಗಿನ ರಿಂಕನ್ನೇ ತಾತ್ಕಾಲಿಕ ಶವಾಗಾರ ಮಾಡಿದ್ರು, ಮನೆಯವರು ಬಂದು ಗುರುತು ಹಿಡಿದಿದ್ದು ಅಲ್ಲೇ. ಕಟ್ಟಡ ಆಮೇಲೆ ಬದಲಾಯ್ತು, ಕ್ಲಬ್ಬಿನ ಹೆಸರು ಮಾತ್ರ ಅದೇ ಇದೆ.

ಮೊದಲ ದೊಡ್ಡ ಗೆಲುವು ಯಾವುದು?

1982, ರೆಜೈನಾದಲ್ಲಿ. ಕೆನಡಾದ ಮಹಿಳಾ ನ್ಯಾಷನಲ್ ಚಾಂಪಿಯನ್‌ಶಿಪ್ಪಿಗೆ ಸ್ಕಾಟೀಸ್ ಅಂತಾರೆ, ಟಿಶ್ಯೂ ಪೇಪರ್ ಮಾಡೋ ಕಂಪನಿಯ ಸ್ಪಾನ್ಸರ್‌ಶಿಪ್ ಅದಕ್ಕೆ, ಅದರ ಹೆಸರಲ್ಲಿ ಮೊದಲ ಸಲ ನಡೆದಿದ್ದು ಆ ವರ್ಷಾನೇ. ಕೊಲೀನ್‌ಗೆ ಬರೀ 22, ತಂಡದ ಸ್ಕಿಪ್ ಅಂದ್ರೆ ಕ್ಯಾಪ್ಟನ್. ತಂಡದಲ್ಲಿ ಅವರ ಇಬ್ಬರು ಅಕ್ಕತಂಗಿಯರು ಬಾರ್ಬರಾ ಮತ್ತೆ ಮೋನಿಕಾ, ಜೊತೆಗೆ ಕೇ ಸ್ಮಿತ್. ನಾಲ್ವರಲ್ಲಿ ಮೂವರು ಒಂದೇ ಮನೆಯೋರು! ಪಶ್ಚಿಮದ ಬಯಲುಸೀಮೆ ಪ್ರಾಂತ್ಯಗಳೇ ಕರ್ಲಿಂಗಿನ ತವರು ಅಂತ ಬೀಗ್ತಿದ್ದ ಕಾಲದಲ್ಲಿ, ಕಡಲತೀರದ ಊರಿಂದ ಬಂದ ಹುಡುಗೀರು ಅವರ ಅಂಗಳದಲ್ಲೇ ಕಪ್ ಎತ್ಕೊಂಡು ಹೋದ್ರು ಅಂದ್ರೆ ನೀವೇ ಯೋಚನೆ ಮಾಡಿ.

ಆಮೇಲೆ ಸಾಲಾಗಿ ಗೆದ್ರಾ?

ಇಲ್ಲ! ಎಲ್ಲರೂ ತಪ್ಪು ತಿಳ್ಕೊಳ್ಳೋದು ಇಲ್ಲೇ. ಎರಡನೇ ಕಪ್ ಬರೋಕೆ 17 ವರ್ಷ ಆಯ್ತು. ಹದಿನೇಳು. 22ರಲ್ಲಿ ಗೆದ್ದೋರು ಮತ್ತೆ ಗೆಲ್ಲುವಾಗ 39. ನಡುವೆ ಮದುವೆ, ಎರಡು ಗಂಡು ಮಕ್ಕಳು, ಟಿವಿ ಕೆಲಸ, ಪ್ರಾಂತ್ಯದ ಸುತ್ತು ಗೆದ್ದು ಎಷ್ಟೋ ಸಲ ಸ್ಕಾಟೀಸಿಗೆ ಹೋಗಿ ಬರಿಗೈಲಿ ವಾಪಸ್. 1989ರಲ್ಲೇ ಕೆನಡಾದ ಕರ್ಲಿಂಗ್ ಹಾಲ್ ಆಫ್ ಫೇಮಿಗೆ ಸೇರಿಸಿಬಿಟ್ಟಿದ್ರು, ಅಂದ್ರೆ ಒಂದು ಥರ ಶಾಲು ಹೊದಿಸಿ ಹಾರ ಹಾಕಿ ಕಳಿಸಿದಂಗೆ. ಐದು ನ್ಯಾಷನಲ್ ಕಪ್ಪು ಮತ್ತೆ ಎರಡೂ ವಿಶ್ವ ಕಪ್ಪು ಬಂದಿದ್ದು ಆ ಸನ್ಮಾನ ಆದ ಮೇಲೆ.

ನಡುವೆ 1993ರಲ್ಲಿ ಕೆನಡಾದ ಮಿಕ್ಸೆಡ್ ಚಾಂಪಿಯನ್‌ಶಿಪ್ ಗೆದ್ರು, ಅದರಲ್ಲಿ ಗಂಡಸರು ಹೆಂಗಸರು ಸೇರಿ ಆಡ್ತಾರೆ, ಸ್ಕಿಪ್ ಯಾರು ಅಂದ್ರೆ ಅವರ ಗಂಡ ಸ್ಕಾಟ್ ಸಾಂಡರ್ಸ್. ಗಂಡನ ಮಾತು ಕೇಳ್ಕೊಂಡು ಆಡಿ ಗೆದ್ರು ಅಂತ ನಮ್ಮ ಚಿಕ್ಕಪ್ಪ ಜೋಕ್ ಹೊಡೀತಾರೆ. ಚಿಕ್ಕಪ್ಪಾ, 1999ರಲ್ಲಿ ಬೇರೆ ಸ್ಕಿಪ್ ಪಾಲ್ ಫ್ಲೆಮಿಂಗ್ ಜೊತೆ ಆಡಿ ಇನ್ನೊಂದ್ಸಲ ಗೆದ್ರು, ಅದನ್ನೂ ಸೇರಿಸ್ಕೊಳ್ಳಿ.

1999ರಲ್ಲಿ ಏನು ಬದಲಾಯ್ತು?

ತಂಡ. ಕಿಮ್ ಕೆಲ್ಲಿ, ಮೇರಿ ಆನ್ (ಆಗ ವೇ, ಆಮೇಲೆ ಆರ್ಸೆನೋ), ನ್ಯಾನ್ಸಿ ಡೆಲಾಹಂಟ್, ಕೋಚ್ ಕೆನ್ ಬ್ಯಾಗ್ನೆಲ್. ಈ ಹೆಸರುಗಳು ಹ್ಯಾಲಿಫ್ಯಾಕ್ಸಲ್ಲಿ ನಮ್ಮ ಕಡೆ ರಣಜಿ ಟೀಮಿನ ಹೆಸರು ಹೇಳಿದಂಗೆ ಬಾಯಿಗೆ ಬರತ್ತೆ. 1999ರಲ್ಲಿ ಶಾರ್ಲಟ್‌ಟೌನಲ್ಲಿ ಕಪ್. 2000ದಲ್ಲಿ ಕೈ ತಪ್ತು. ಆಮೇಲೆ ನೋಡಿ, 2001 ಸಡ್ಬರಿ, 2002 ಬ್ರ್ಯಾಂಡನ್, 2003 ಕಿಚನರ್, 2004 ರೆಡ್ ಡಿಯರ್, ನಾಲ್ಕು ವರ್ಷ ಸಾಲಾಗಿ. ಅಲ್ಲೀವರೆಗೆ ಯಾವ ಮಹಿಳಾ ತಂಡಾನೂ ಸಾಲಾಗಿ ನಾಲ್ಕು ಗೆದ್ದಿರ್ಲಿಲ್ಲ.

ಇವರ ಆಟ ಚೆಂದದ್ದಲ್ಲ ಅಂತ ಮೂಗು ಮುರಿಯೋರು ಆಗಲೂ ಇದ್ರು. ಹೌಸ್ ತುಂಬಾ ಕಲ್ಲು ಗುಡ್ಡೆ ಹಾಕ್ಕೊಂಡು ಗೋಜಲು ಮಾಡೋ ಆಟ ಇವರದ್ದಲ್ಲ, ಎದುರಾಳಿ ಕಲ್ಲು ಬಂತಾ ಹೊಡಿ, ಮತ್ತೆ ಬಂತಾ ಮತ್ತೆ ಹೊಡಿ, ಅವರು ಒಂದ್ಸಲ ಮಿಸ್ ಮಾಡೋ ತನಕ ಕಾಯಿ. ನೋಡೋರಿಗೆ ಬೋರ್ ಇರಬಹುದು. ದ್ರಾವಿಡ್ ಆಟಾನೂ ಬೋರ್ ಅಂತಿದ್ರಲ್ವಾ, ಎದುರಿಗೆ ಬೌಲಿಂಗ್ ಮಾಡ್ದೋರನ್ನ ಕೇಳಿದ್ರೆ ಗೊತ್ತಾಗೋದು.

ವರ್ಲ್ಡ್ಸ್ ಲೆಕ್ಕ ಬೇಕಂದ್ರೆ, 2001ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಸ್ವೀಡನ್ನಿನ ಆನೆಟ್ ನಾರ್ಬರ್ಗ್ ತಂಡನ ಸೋಲಿಸಿ ಚಿನ್ನ. 2002ರಲ್ಲಿ ಅಮೆರಿಕದ ಬಿಸ್ಮಾರ್ಕಲ್ಲಿ ಪದಕ ಇಲ್ಲ. 2003ರಲ್ಲಿ ತಮ್ಮ ದೇಶದ್ದೇ ವಿನಿಪೆಗಲ್ಲಿ ಫೈನಲಿಗೆ ಬಂದು ಅಮೆರಿಕದ ಡೆಬ್ಬಿ ಮೆಕಾರ್ಮಿಕ್ ತಂಡಕ್ಕೆ ಸೋತ್ರು, ಬೆಳ್ಳಿ. 2004ರಲ್ಲಿ ಸ್ವೀಡನ್ನಿನ ಯೆವ್ಲೆಯಲ್ಲಿ ನಾರ್ವೆಯ ಡೋರ್ಡಿ ನಾರ್ಡ್ಬಿ ತಂಡನ ಸೋಲಿಸಿ ಮತ್ತೆ ಚಿನ್ನ. ಆಗ ಅವರಿಗೆ 44.

ಅಷ್ಟು ಗೆದ್ದೋರಿಗೆ ಕೆಲಸ ಯಾಕೆ ಬೇಕಿತ್ತು? ದುಡ್ಡು ಬರ್ತಿರ್ಲಿಲ್ವಾ?

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ತಲೆಗೆ ಹೋಗಲ್ಲ. ಆ ಕಾಲದ ಕರ್ಲಿಂಗಲ್ಲಿ ಚಾಂಪಿಯನ್ನುಗಳೂ ಬೆಳಗ್ಗೆ ಎದ್ದು ಡ್ಯೂಟಿಗೆ ಹೋಗೋರೇ. ಟೀಚರು, ನರ್ಸು, ಬ್ಯಾಂಕು, ರೈತರು, ಹೀಗೆ. ಕೊಲೀನ್ 1986ರಲ್ಲಿ ಸಿಬಿಸಿ ಸೇರಿದ್ರು, ಅದು ಕೆನಡಾದ ಸರ್ಕಾರಿ ಪ್ರಸಾರ ಸಂಸ್ಥೆ, ನಮ್ಮ ದೂರದರ್ಶನ ಆಕಾಶವಾಣಿ ಎರಡೂ ಸೇರಿದಂಗೆ ಅನ್ಕೊಳ್ಳಿ. ಹ್ಯಾಲಿಫ್ಯಾಕ್ಸ್ ಕೇಂದ್ರದಲ್ಲಿ ಸ್ಪೋರ್ಟ್ಸ್ ನ್ಯೂಸ್ ಓದಿದ ಮೊದಲ ಮಹಿಳೆ ಅವರು. ಆಮೇಲೆ ಬೆಳಗಿನ ಶೋನಲ್ಲಿ ಇಡೀ ದೇಶಕ್ಕೆ ಹವಾಮಾನ ಮತ್ತೆ ಸ್ಪೋರ್ಟ್ಸ್ ಹೇಳ್ತಿದ್ರು. ಅವರ ಕಪ್ಪುಗಳು ಗೊತ್ತಿಲ್ದೋರಿಗೂ ಮುಖ ಗೊತ್ತು, "ಇವತ್ತು ಹಿಮ ಬೀಳತ್ತೆ ಅಂತ ಹೇಳೋ ಅಕ್ಕ" ಅಂತ.

ಅಂದ್ರೆ ಈ ಇಡೀ ಕೆರಿಯರ್ ನಡೆದಿದ್ದು ಡ್ಯೂಟಿ ಮುಗಿಸಿ, ಮಕ್ಕಳ ಊಟ ನೋಡಿ, ಉಳಿದ ಟೈಮಲ್ಲಿ. ರಜೆ ಹಾಕ್ಕೊಂಡು ವರ್ಲ್ಡ್ ಚಾಂಪಿಯನ್‌ಶಿಪ್ಪಿಗೆ ಹೋಗಿ, ಗೆದ್ದು ಬಂದು, ಮತ್ತೆ ಮ್ಯಾಪ್ ಮುಂದೆ ನಿಂತ್ಕೊಂಡು ಗಾಳಿ ಯಾವ ಕಡೆ ಬೀಸ್ತಿದೆ ಅಂತ ಹೇಳೋದು. ನನಗೆ ಅವರು ಇಷ್ಟ ಆಗಿದ್ದು ಇದಕ್ಕೇ, ಮೆಡಲ್ ಆಮೇಲೆ. ಸಿಬಿಸಿಯಿಂದ ರಿಟೈರ್ ಆಗಿದ್ದು 2023ರಲ್ಲಿ.

ಒಲಿಂಪಿಕ್ ಮೆಡಲ್ ಎಷ್ಟು?

ಒಂದೂ ಇಲ್ಲ. ಆಟಗಾರ್ತಿಯಾಗಿ ಒಲಿಂಪಿಕ್ಸಿಗೆ ಹೋಗ್ಲೇ ಇಲ್ಲ. ಕರ್ಲಿಂಗ್ ಒಲಿಂಪಿಕ್ಸಲ್ಲಿ ಪೂರ್ತಿ ಮೆಡಲ್ ಆಟವಾಗಿ ವಾಪಸ್ ಬಂದಿದ್ದು 1998ರ ನಾಗಾನೊದಲ್ಲಿ, ಮಹಿಳೆಯರ ಚಿನ್ನ ಕೆನಡಾದ ಸಾಂಡ್ರಾ ಶ್ಮಿರ್ಲರ್ ತಂಡಕ್ಕೆ. ಕೆನಡಾ ಪರ ಯಾರು ಹೋಗ್ಬೇಕು ಅಂತ ಪ್ರತಿ ಸಲ ಬೇರೆ ಟ್ರಯಲ್ಸ್ ಮಾಡ್ತಾರೆ. ಸ್ಕಾಟೀಸ್ ಸೋತ್ರೆ ಮುಂದಿನ ವರ್ಷ ಇದೆ, ಟ್ರಯಲ್ಸ್ ಸೋತ್ರೆ ನಾಲ್ಕು ವರ್ಷ ಕಾಯಿ. 2001ರ ಟ್ರಯಲ್ಸ್ ರೆಜೈನಾದಲ್ಲಿ ಆಯ್ತು, ಆ ವರ್ಷ ವಿಶ್ವ ಚಾಂಪಿಯನ್ ಇವರೇ, ಆದ್ರೆ ಗೆದ್ದಿದ್ದು ಕೆಲ್ಲಿ ಲಾ. 2005ರದ್ದು ಹ್ಯಾಲಿಫ್ಯಾಕ್ಸಲ್ಲೇ, ಅವರದೇ ಊರಲ್ಲಿ, ಅವರದೇ ಜನದ ಮುಂದೆ. ಅಲ್ಲೂ ಆಗ್ಲಿಲ್ಲ, ಶ್ಯಾನನ್ ಕ್ಲೈಬ್ರಿಂಕ್ ಗೆದ್ರು.

ಒಲಿಂಪಿಕ್ಸಿಗೆ ಹೋಗಿದ್ದು ಟಿವಿ ರಿಪೋರ್ಟರ್ ಆಗಿ, ಮೈಕ್ ಹಿಡ್ಕೊಂಡು. ತಾನು ಆಡ್ಬೇಕಿದ್ದ ಜಾಗದಲ್ಲಿ ಬೇರೆಯೋರು ಆಡೋದನ್ನ ಜನಕ್ಕೆ ವಿವರಿಸೋದು, ನನ್ನಿಂದಂತೂ ಆಗಲ್ಲ.

ಆ ಒಳ್ಳೇ ತಂಡ ಏನಾಯ್ತು?

2006ರಲ್ಲಿ ಒಡೀತು. ಎಲ್ಲಾ ಮನೇಲೂ ಆಗೋದೇ. ಆದ್ರೆ ಮಜಾ ಇರೋದು ಆಮೇಲೆ. 2013ರಲ್ಲಿ ಕಿಂಗ್‌ಸ್ಟನ್ನಲ್ಲಿ ಸ್ಕಾಟೀಸ್, ನೋವಾ ಸ್ಕೋಷಿಯಾ ತಂಡದ ಸ್ಕಿಪ್ ಮೇರಿ ಆನ್ ಆರ್ಸೆನೋ, ಅವರ ಕೈಕೆಳಗೆ ಆಡಿದ್ದು ಕೊಲೀನ್. ಕಪ್ ಗೆಲ್ಲೋ ಕಾಲದಲ್ಲಿ ಇವರು ಕೂಗಿ ಹೇಳ್ತಿದ್ರೆ ಮೇರಿ ಆನ್ ಗುಡಿಸ್ತಿದ್ರು, ಈಗ ಅವರು ಹೇಳಿದ ಜಾಗಕ್ಕೆ ಇವರು ಕಲ್ಲು ಬಿಡ್ಬೇಕು. ಐವತ್ತಮೂರನೇ ವಯಸ್ಸಲ್ಲಿ, ಆರು ಕಪ್ ಗೆದ್ದೋರು ಹೀಗೆ ಹಿಂದೆ ಸರಿದು ಆಡೋದು ಸುಲಭಾನಾ? ಅದು ಅವರ 21ನೇ ಸ್ಕಾಟೀಸ್.

ಕಾಯಿಲೆ ಬಂದಿತ್ತು ಅಂತ ಕೇಳಿದ್ದೆ?

2010ರ ಡಿಸೆಂಬರಲ್ಲಿ ಬ್ಯಾಕ್ಟೀರಿಯಾದಿಂದ ಬರೋ ಮೆನಿಂಜೈಟಿಸ್, ಅಂದ್ರೆ ಮಿದುಳಿನ ಹೊದಿಕೆಯ ಸೋಂಕು. ಜೀವಕ್ಕೇ ಕುತ್ತು ತರೋ ಕಾಯಿಲೆ ಅದು, ಆಸ್ಪತ್ರೆ ಸೇರಿದ್ರು, ಬದುಕಿ ಬಂದ್ರು. ಈಗ ಹಿಂದಿನ ಪ್ರಶ್ನೆಯ 2013ನ್ನ ಇನ್ನೊಂದ್ಸಲ ಓದಿ.

ಸೀನಿಯರ್ ಅಂದ್ರೆ ಏನು? ರಿಟೈರ್ ಆದೋರ ಟೈಂಪಾಸ್ ಆಟಾನಾ?

ಹಾಗಂದ್ರೆ ಕೆನಡಾದೋರು ಹೊಡೀತಾರೆ ಹುಷಾರು. ಸೀಸನ್ ಶುರುವಾಗೋ ಮುಂಚೆ 50 ತುಂಬಿರ್ಬೇಕು, ಅಷ್ಟೇ ಕಂಡೀಶನ್. ಕೆನಡಾದಲ್ಲಿ ಗಂಡಸರ ಸೀನಿಯರ್ ಚಾಂಪಿಯನ್‌ಶಿಪ್ 1965ರಿಂದ ಇದೆ, ಹೆಂಗಸರದ್ದು 1973ರಿಂದ, ವರ್ಲ್ಡ್ ಸೀನಿಯರ್ಸ್ ಶುರುವಾಗಿದ್ದು 2002ರಲ್ಲಿ. ಹಳೇ ನ್ಯಾಷನಲ್ ಚಾಂಪಿಯನ್ನುಗಳೆಲ್ಲ ಐವತ್ತು ಆಗೋದನ್ನೇ ಕಾಯ್ತಿರ್ತಾರೆ, ಹಳೇ ಲೆಕ್ಕ ಚುಕ್ತಾ ಮಾಡೋಕೆ. ಅದೇ ಪ್ರಾಂತ್ಯದ ಸುತ್ತು, ಅದೇ ನ್ಯಾಷನಲ್, ಅಲ್ಲಿ ಗೆದ್ರೆ ಮಾತ್ರ ವರ್ಲ್ಡ್ಸ್.

ಅವರ ಸೀನಿಯರ್ ಗೆಲುವಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಿ.

2016ರಲ್ಲಿ ಕೆನಡಾ ಸೀನಿಯರ್ಸ್ ನಡೆದಿದ್ದು ಡಿಗ್ಬಿ ಅನ್ನೋ ಊರಲ್ಲಿ, ಅದೂ ನೋವಾ ಸ್ಕೋಷಿಯಾದಲ್ಲೇ, ಸ್ಕ್ಯಾಲಪ್ ಅನ್ನೋ ಚಿಪ್ಪಿನ ಮೀನಿಗೆ ಹೆಸರಾದ ಬಂದರು. ತಂಡ ನೋಡಿ, ಕೊಲೀನ್, ಕಿಮ್ ಕೆಲ್ಲಿ, ಮೇರಿ ಸ್ಯೂ ರ್‍ಯಾಡ್‌ಫರ್ಡ್, ನ್ಯಾನ್ಸಿ ಡೆಲಾಹಂಟ್. ಅಂದ್ರೆ ಹಳೇ ನಾಲ್ವರಲ್ಲಿ ಮೂವರು ಮತ್ತೆ ಒಟ್ಟಿಗೆ! 2005ರಲ್ಲಿ ತಮ್ಮ ಪ್ರಾಂತ್ಯದ ಜನದ ಮುಂದೆ ಸೋತಿದ್ರಲ್ಲ, ಈ ಸಲ ಅದೇ ಪ್ರಾಂತ್ಯದಲ್ಲಿ ಗೆದ್ರು. ಸಣ್ಣ ಊರು, ಟಿವಿ ಕ್ಯಾಮೆರಾಗಳ ಜಾತ್ರೆ ಇರಲ್ಲ, ಆದ್ರೂ ಗೆಲುವು ಗೆಲುವೇ ಅಲ್ವಾ.

ನ್ಯಾಷನಲ್ ಗೆದ್ದೋರು ವರ್ಲ್ಡ್ಸಿಗೆ ಹೋಗೋದು ಅದರ ಮುಂದಿನ ವರ್ಷ, ಹಾಗಾಗಿ 2017ರ ವಸಂತದಲ್ಲಿ ಆಲ್ಬರ್ಟಾದ ಲೆತ್‌ಬ್ರಿಡ್ಜಲ್ಲಿ ಕೆನಡಾ ಪರ ಆಡಿ ಚಿನ್ನ ಗೆದ್ರು. ವಯಸ್ಸು 57. ಮೊದಲ ವಿಶ್ವ ಕಪ್ಪಿಗೂ ಇದಕ್ಕೂ 16 ವರ್ಷ, ಮೊದಲ ನ್ಯಾಷನಲ್ ಕಪ್ಪಿಗೂ ಇದಕ್ಕೂ 35 ವರ್ಷ. 1982ರಲ್ಲಿ ಹುಟ್ಟಿದ ಮಗುಗೆ ಆಗ ತಲೆಕೂದಲು ಬೆಳ್ಳಗಾಗೋಕೆ ಶುರು.

ಆ ವಯಸ್ಸಲ್ಲಿ ಮೈ ಹೇಗೆ ತಡೆಯತ್ತೆ?

ಕಲ್ಲು ಬಿಡುವಾಗ ಒಂದು ರಬ್ಬರ್ ಮೆಟ್ಟು ಇರತ್ತೆ, ಹ್ಯಾಕ್ ಅಂತಾರೆ, ಅದಕ್ಕೆ ಕಾಲು ಕೊಟ್ಟು ತಳ್ಳಿ ಒಂದು ಮಂಡಿ ಪೂರ್ತಿ ಮಡಚಿ ಇನ್ನೊಂದು ಕಾಲು ಹಿಂದೆ ಚಾಚಿ ನೆಲಕ್ಕೆ ಅಂಟಿದಂಗೆ ಜಾರ್ತಾರೆ. ಮಂಡಿಗೆ ಒಳ್ಳೇ ಕೆಲಸ. ಗುಡಿಸೋದಂತೂ ಇನ್ನೂ ಕಷ್ಟ, ಎದೆ ಬಡಿತ ಕಿವಿಗೆ ಕೇಳ್ಸತ್ತೆ. ಮಂಡಿ ಕೈ ಕೊಟ್ಟೋರು ಕ್ಲಬ್ ಮಟ್ಟದಲ್ಲಿ ಉದ್ದನೇ ಕೋಲಿಂದ ನಿಂತ್ಕೊಂಡೇ ಕಲ್ಲು ತಳ್ಳೋದುಂಟು, ಎಂಬತ್ತರ ತಾತಂದಿರೂ ಹಾಗೆ ಆಡ್ತಾರೆ.

ಆದ್ರೆ ವಯಸ್ಸಿಗೆ ಬಗ್ಗದ್ದು ಒಂದಿದೆ. ಐಸ್ ಓದೋದು. ಈ ಪಟ್ಟಿ ಎಡಕ್ಕೆ ಜಾಸ್ತಿ ಎಳೆಯತ್ತೆ, ಆಡ್ತಾ ಆಡ್ತಾ ಗುಳ್ಳೆ ಸವೆದು ಕಲ್ಲಿನ ಓಟ ಬದಲಾಗತ್ತೆ, ಎದುರಿನ ಹುಡುಗಿ ಟೆನ್ಷನಲ್ಲಿ ಜೋರಾಗಿ ತಳ್ತಾಳೆ, ಇವೆಲ್ಲ ನೋಡಿ ನೋಡಿ ಬರೋದು. ಸ್ಕಿಪ್ ಗುಡಿಸೋದೂ ಕಮ್ಮಿ, ತಲೆ ಓಡ್ಸೋದೇ ಜಾಸ್ತಿ. ನಮ್ಮೂರ ಅರಳಿಕಟ್ಟೆ ಮೇಲೆ ಚೌಕಾಬಾರ ಆಡೋ ಅಜ್ಜೀರನ್ನ ಮೊಮ್ಮಕ್ಕಳು ಸೋಲಿಸೋದು ನೋಡಿದ್ದೀರಾ?

ಅವರ ರೆಕಾರ್ಡ್ ಈಗಲೂ ಇದ್ಯಾ?

ಆರು ಸ್ಕಾಟೀಸ್ ಕಪ್ಪಿನ ರೆಕಾರ್ಡನ್ನ 2018ರಲ್ಲಿ ಜೆನಿಫರ್ ಜೋನ್ಸ್ ಸರಿಗಟ್ಟಿದ್ರು. ಸರ್‌ನೇಮ್ ಒಂದೇ ಅಂತ ಇಬ್ಬರನ್ನೂ ಸಂಬಂಧಿಕರು ಅನ್ಕೋಬೇಡಿ, ಅವರು ಮ್ಯಾನಿಟೋಬಾದೋರು. ಸಾಲಾಗಿ ನಾಲ್ಕು ಗೆಲ್ಲೋದನ್ನ ಕೆರಿ ಐನಾರ್ಸನ್ 2020ರಿಂದ 2023ರವರೆಗೆ ಗೆದ್ದು ಸಮ ಮಾಡಿದ್ರು.

ಪ್ರಶಸ್ತಿ ಗಿಶಸ್ತಿ?

2016ರಲ್ಲಿ ಕೆನಡಾದ ಸ್ಪೋರ್ಟ್ಸ್ ಹಾಲ್ ಆಫ್ ಫೇಮ್. ಆಮೇಲೆ ಆರ್ಡರ್ ಆಫ್ ಕೆನಡಾ, ನಮ್ಮ ಪದ್ಮ ಪ್ರಶಸ್ತಿಗಳ ಥರ. ನನಗೆ ಖುಷಿ ಕೊಟ್ಟಿದ್ದು ಬೇರೆ, 2018ರಲ್ಲಿ ನೋವಾ ಸ್ಕೋಷಿಯಾದ ಸಾರ್ವಕಾಲಿಕ ಶ್ರೇಷ್ಠ ಕ್ರೀಡಾಪಟುಗಳ ಪಟ್ಟಿ ಮಾಡಿದಾಗ ಇವರಿಗೆ ಎರಡನೇ ಸ್ಥಾನ. ಮೊದಲನೇದು ಐಸ್ ಹಾಕಿಯ ಸಿಡ್ನಿ ಕ್ರಾಸ್ಬಿಗೆ. ಕೆನಡಾದಲ್ಲಿ ಹಾಕಿ ಹೀರೋ ಹಿಂದೆ ಎರಡನೇದು ಅಂದ್ರೆ, ನಮ್ಮಲ್ಲಿ ಕ್ರಿಕೆಟ್ ಬಿಟ್ಟು ಮಿಕ್ಕಿದ್ದರಲ್ಲಿ ಫಸ್ಟ್ ಅಂತ ಅರ್ಥ.

ಈಗ ಎಲ್ಲಿದ್ದಾರೆ?

2025ರ ನವೆಂಬರಲ್ಲಿ ಕ್ಯಾನ್ಸರಿಂದ ತೀರ್ಕೊಂಡ್ರು, 65 ವರ್ಷ. ರಿಟೈರ್ ಆಗಿ ಮೂರು ವರ್ಷಾನೂ ತುಂಬಿರ್ಲಿಲ್ಲ.

ನಾನೂ ಒಂದ್ಸಲ ಆಡಿ ನೋಡ್ಬೇಕು, ಕಷ್ಟಾನಾ?

ಕೆನಡಾದಲ್ಲಿದ್ರೆ ಹತ್ರದ ಕ್ಲಬ್ಬಲ್ಲಿ ಚಳಿಗಾಲದಲ್ಲಿ ಹೊಸಬರಿಗೆ ಟ್ರಯಲ್ ದಿನ ಇರತ್ತೆ, ಬ್ರಷ್ ಅವರೇ ಕೊಡ್ತಾರೆ, ತೊಳೆದ ಶೂ ಮತ್ತೆ ಬೆಚ್ಚಗಿನ ಸ್ವೆಟರ್ ಸಾಕು. ಒಂದು ಕಾಲಿನ ಅಡಿಗೆ ಜಾರೋ ಸ್ಲೈಡರ್ ಹಾಕ್ಕೊಳ್ತಾರೆ, ದಯವಿಟ್ಟು ಆ ಕಾಲನ್ನ ಮೊದಲು ಐಸ್ ಮೇಲೆ ಇಡ್ಬೇಡಿ. ನಾನು ಇಟ್ಟೆ. ಎಲ್ಲರ ಮುಂದೆ ಅಂಗಾತ ಬಿದ್ದೆ, ಎಪ್ಪತ್ತರ ಒಬ್ಬ ಅಜ್ಜಿ ಬಂದು ಕೈ ಹಿಡಿದು ಎಬ್ಬಿಸಿದ್ರು, ಆಮೇಲೆ ಅದೇ ಅಜ್ಜಿ ನಮ್ಮ ತಂಡನ ಚಿಂದಿ ಮಾಡಿದ್ರು. ಇನ್ನೊಂದು, ಆಟ ಮುಗಿದ್ಮೇಲೆ ಗೆದ್ದೋರು ಸೋತೋರಿಗೆ ಕುಡಿಯೋಕೆ ಏನಾದ್ರೂ ಕೊಡಿಸ್ಬೇಕು ಅಂತ ಇಲ್ಲಿಯ ಸಂಪ್ರದಾಯ. ನನಗೆ ಅವತ್ತು ಒಂದು ಕಪ್ ಬಿಸಿ ಕಾಫಿ ಸಿಕ್ತು, ಸಕ್ಕರೆ ಮಾತ್ರ ಕಮ್ಮಿ.